ಕರಡಿನಿಂದ ಪ್ರಕಟಣೆಗೆ ಒಂದೇ ನೆಗೆತ
ಜ್ಯಾಂಗೊ ಎಂಬ ವೆಬ್ ಫ್ರೇಮ್‌ವರ್ಕ್ ಹುಟ್ಟಿದ್ದು ಅಮೆರಿಕದ ಕಾನ್ಸಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ; ಹೊರಜಗತ್ತಿಗೆ ಬಂದದ್ದು 2005ರಲ್ಲಿ. ಸುದ್ದಿಮನೆಯ ಕೂಸಾದರೂ ಅದರ ಅಡ್ಮಿನ್‌ಗೆ ಉಪಸಂಪಾದಕರ ಭಯವಿಲ್ಲ: ಲೇಖನದ ಸ್ಥಿತಿ ತೋರಿಸುವ ಡ್ರಾಪ್‌ಡೌನ್‌ನಲ್ಲಿ ‘ಕರಡು’ ಇದ್ದದ್ದನ್ನು ‘ಪ್ರಕಟ’ ಮಾಡಿ ಸೇವ್ ಒತ್ತಿದರೆ ಮುಗಿಯಿತು, ನಡುವೆ ಯಾರಾದರೂ ಓದಿದರೋ ಇಲ್ಲವೋ ಕೇಳುವವರಿಲ್ಲ. ಜ್ಯಾಂಗೊ-ಎಫ್‌ಎಸ್‌ಎಂ ಲೈಬ್ರರಿ ಹಾಕಿಕೊಂಡರೆ ಯಾವ ಸ್ಥಿತಿಯಿಂದ ಯಾವುದಕ್ಕೆ ದಾಟಬಹುದು, ಯಾರು ದಾಟಿಸಬಹುದು ಎಂಬುದನ್ನು ಡೆಕೊರೇಟರ್‌ನಲ್ಲೇ ಬರೆದಿಡಬಹುದು. ಆಮೇಲೆ ಡ್ರಾಪ್‌ಡೌನ್ ತೆಗೆದು, ಸೇವ್ ಪಕ್ಕ ‘ಪರಿಶೀಲನೆಗೆ ಕಳಿಸು’, ‘ಮರಳಿಸು’ ಎಂಬ ಬಟನ್‌ಗಳನ್ನು ಕೂರಿಸಿದರಾಯಿತು. ನನ್ನ ತಕರಾರಿರುವುದು ಅನುಮತಿ ಇಲ್ಲದವರಿಗೆ ಬಟನ್ ಮರೆಮಾಡಿ ಕೈತೊಳೆದುಕೊಳ್ಳುವವರ ಮೇಲೆ. ಡೆಕೊರೇಟರ್‌ನಲ್ಲಿ ಬರೆದ ಅನುಮತಿಯನ್ನು ಲೈಬ್ರರಿ ತಾನಾಗಿ ತಪಾಸಣೆ ಮಾಡುವುದಿಲ್ಲ, ನಾವೇ ಕೇಳಬೇಕು. ಕೇಳದಿದ್ದರೆ ಸ್ವಲ್ಪ ತರಲೆ ಬುದ್ಧಿಯ ತರಬೇತಿ ವರದಿಗಾರ ಬಟನ್ ಕಾಣದೆಯೂ ಲೇಖನ ಪ್ರಕಟಿಸಿಯಾನು. ಅಂದಹಾಗೆ, ಸ್ಥಿತಿ ಬದಲಾದ ಮಾತ್ರಕ್ಕೆ ಅದು ಡೇಟಾಬೇಸ್‌ಗೆ ಹೋಗುವುದಿಲ್ಲ, ಸೇವ್ ಅನ್ನು ಬೇರೆಯಾಗಿಯೇ ಕರೆಯಬೇಕು.