ಅಷ್ಟಗ್ರಹಕ್ಕೆ ಹೆದರಿದವರು ನಾವು

1962ರ ಫೆಬ್ರವರಿಯಲ್ಲಿ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಸೇರುತ್ತವೆ, ಇನ್ನು ಪ್ರಳಯವೇ ಗತಿ ಎಂದು ದೇಶದ ತುಂಬ ಗುಲ್ಲೋ ಗುಲ್ಲು. ಎಲ್ಲೆಲ್ಲೂ ಹೋಮ, ಜಪ. ನಮ್ಮಜ್ಜಿ ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿಬಿಟ್ಟಿದ್ದಳಂತೆ, ನಾವು ಸತ್ತರೂ ಅವಾದರೂ ಓಡಿ ಬದುಕಿಕೊಳ್ಳಲಿ ಅಂತ. ಪ್ರಳಯ ಬರಲಿಲ್ಲ. ದನಗಳು ಪಕ್ಕದವರ ಕಬ್ಬಿನ ಗದ್ದೆಗೆ ನುಗ್ಗಿ ಜಗಳ ಮಾತ್ರ ಬಂತು.

ಅದೇ ವರ್ಷದ ಅಕ್ಟೋಬರ್ 27. ಕ್ಯೂಬಾ ಬಳಿ ಸಮುದ್ರದಡಿ ಇದ್ದ ಸೋವಿಯತ್ ಜಲಾಂತರ್ಗಾಮಿಯೊಂದನ್ನು ಅಮೆರಿಕದ ಹಡಗುಗಳು ಸುತ್ತುವರಿದಿದ್ದವು. ಒಳಗೆ ಉಸಿರುಗಟ್ಟುವ ಸೆಕೆ, ಜೊತೆಗೊಂದು ಅಣು ಟಾರ್ಪಿಡೊ. ಯುದ್ಧ ಶುರುವಾಗಿದೆಯೆಂದೇ ಭಾವಿಸಿದ ಕ್ಯಾಪ್ಟನ್ ಅದನ್ನು ಹಾರಿಸಲು ಹೊರಟ. ಸಹ ಅಧಿಕಾರಿ ವಾಸಿಲಿ ಆರ್ಕಿಪೋವ್ ಒಪ್ಪಲಿಲ್ಲ. ಅವತ್ತು ಇಲ್ಲಿ ಯಾರೂ ಕಣ್ಣಿ ಬಿಚ್ಚಲಿಲ್ಲ. ನಮ್ಮ ಕಿವಿಯೆಲ್ಲ ಚೀನಾ ಗಡಿಯ ಕಡೆಗಿತ್ತು.

ಅಮೆರಿಕದ ಅಣುವಿಜ್ಞಾನಿಗಳ ಪತ್ರಿಕೆಯ 'ಪ್ರಳಯದ ಗಡಿಯಾರ' ಸುದ್ದಿಯಾದಾಗಲೆಲ್ಲ ನನಗೆ ಆ ದನಗಳು ನೆನಪಾಗುತ್ತವೆ. ನಿಮಿಷಗಳಲ್ಲಿದ್ದ ಲೆಕ್ಕ ಸೆಕೆಂಡಿಗೆ ಇಳಿದಿದೆ. 2025ರಲ್ಲಿ ಮಧ್ಯರಾತ್ರಿಗೆ, ಅಂದರೆ ಪ್ರಳಯಕ್ಕೆ, 89 ಸೆಕೆಂಡು ಎಂದರು. ಟಿವಿಯವರಿಗೆ ಹಬ್ಬ. ಇನ್ನು ಕೆಲವರಿಗೆ ಇದು ವಿಜ್ಞಾನಿಗಳ ಪಂಚಾಂಗ, ಬರೀ ಹೆದರಿಸುವ ದಂಧೆ.

ಈ ಆಕ್ಷೇಪ ಪೂರ್ತಿ ಪೊಳ್ಳಲ್ಲ. 1947ರಲ್ಲಿ ಕಲಾವಿದೆ ಮಾರ್ಟಿಲ್ ಲ್ಯಾಂಗ್ಸ್‌ಡಾರ್ಫ್ ಮುಳ್ಳನ್ನು ಏಳು ನಿಮಿಷಕ್ಕೆ ಇಟ್ಟದ್ದು ಮುಖಪುಟದಲ್ಲಿ ಹಾಗೆ ಚೆಂದ ಕಂಡಿತೆಂದು, ಯಾವ ಗಣಿತದಿಂದಲೂ ಅಲ್ಲ. ಕ್ಯೂಬಾ ಬಿಕ್ಕಟ್ಟಿನ ಆ ದಿನಗಳಲ್ಲಂತೂ ಮುಳ್ಳು ಅಲ್ಲಾಡಲೇ ಇಲ್ಲ.

ಆದರೂ ಪಂಚಾಂಗ ಎನ್ನುವವರ ಮಾತು ಒಪ್ಪಲಾರೆ. ಗ್ರಹಗಳನ್ನು ಯಾವ ಹೋಮವೂ ಸರಿಸಲಿಲ್ಲ. ಈ ಮುಳ್ಳನ್ನು ಮನುಷ್ಯರು ಸರಿಸಿದ್ದಾರೆ. 1963ರಲ್ಲಿ ಅಣುಪರೀಕ್ಷೆಗೆ ಭಾಗಶಃ ನಿಷೇಧ ಬಂತು, ಮುಳ್ಳು 12 ನಿಮಿಷಕ್ಕೆ ಹಿಂದೆ ಹೋಯಿತು. 1991ರಲ್ಲಿ ಬುಷ್, ಗೋರ್ಬಚೆವ್ ಸ್ಟಾರ್ಟ್ ಒಪ್ಪಂದಕ್ಕೆ ಸಹಿ ಹಾಕಿದರು, 17 ನಿಮಿಷಕ್ಕೆ ಹೋಯಿತು. 'ಎಂಬತ್ತು ವರ್ಷ ಏನೂ ಆಗಿಲ್ಲ, ಮುಂದೂ ಆಗೋದಿಲ್ಲ ಬಿಡಿ' ಎನ್ನುವವರದು ಭರವಸೆಯಲ್ಲ, ಆರ್ಕಿಪೋವನ ಹೆಗಲ ಮೇಲೆ ತಲೆಯಿಟ್ಟು ತೆಗೆದ ನಿದ್ದೆ. ಎಲ್ಲ ಮುಗಿದೇ ಹೋಯಿತು ಎಂದು ಕೈಚೆಲ್ಲುವವರೂ ಅದೇ ಹಾಸಿಗೆಯ ಇನ್ನೊಂದು ಮಗ್ಗುಲಲ್ಲಿ ಮಲಗಿದ್ದಾರೆ, ಅಷ್ಟೆ.

ಅಮೆರಿಕ, ರಷ್ಯಾ ತಲಾ 1,550ಕ್ಕಿಂತ ಹೆಚ್ಚು ಅಣು ಸಿಡಿತಲೆಗಳನ್ನು ದಾಳಿಗೆ ಸಜ್ಜಾಗಿ ಇಡಬಾರದೆಂದು ಕಟ್ಟಿಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಅದು ಒಳಪುಟದ ನಾಲ್ಕು ಸಾಲು. ಎದುರು ಪುಟದ ಅರ್ಧ ಭಾಗ ವಾರಭವಿಷ್ಯ.