ಕೆನ್ನೆಯ ಕೆಂಪು, ಕೆಮ್ಮಣ್ಣಿನ ಕೆಂಪು

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಅಜ್ಜಂಪುರದಂಥ ಊರುಗಳಲ್ಲೂ ಹೆಣ್ಣುಮಕ್ಕಳ ಕೈಯಿಂದ ಕೈಗೆ ಒಂದು ಪುಟ್ಟ ಡಬ್ಬಿ ಓಡಾಡತೊಡಗುತ್ತದೆ. ಮುಚ್ಚಳ ತೆಗೆದರೆ ಒಂದು ಕನ್ನಡಿ, ಒಂದು ಕುಂಚ, ಸಾಲಾಗಿ ಆರೋ ಎಂಟೋ ಬಣ್ಣದ ಬಿಲ್ಲೆಗಳು. ತಿಳಿಗುಲಾಬಿ, ಹವಳ, ಇಟ್ಟಿಗೆಗೆಂಪು, ಕಂದು. ಕೆನ್ನೆಗೆ ರಂಗು ತರುವ ಇದಕ್ಕೆ ‘ಬ್ಲಶ್ ಪ್ಯಾಲೆಟ್’ ಎಂದು ಹೆಸರು.

ನೃತ್ಯಕ್ಕೆ ನಿಂತ ಹತ್ತು ಹುಡುಗಿಯರಿಗೂ ಒಂದೇ ತಿಳಿಗುಲಾಬಿ ಹಚ್ಚಿದರೆ ಕೆಲವರ ಕೆನ್ನೆ ಅರಳುತ್ತದೆ. ಕಪ್ಪು ಮೈಬಣ್ಣದ ಹುಡುಗಿಯ ಕೆನ್ನೆ ಮಾತ್ರ ಬೂದಿ ಬಳಿದಂತೆ ಕಾಣುತ್ತದೆ. ‘ನಿನಗೆ ಬಣ್ಣ ಹತ್ತೋದಿಲ್ಲ ಬಿಡೇ’ ಎಂದು ಯಾರೋ ಅಂದುಬಿಡುತ್ತಾರೆ. ಅಂದವರು ಮರೆಯುತ್ತಾರೆ, ಅನ್ನಿಸಿಕೊಂಡವಳು ಮರೆಯುವುದಿಲ್ಲ. ಹಾಗಾದರೆ ತಪ್ಪು ಮುಖದ್ದೋ, ಪುಡಿಯದ್ದೋ?

ಮೊದಲು ಕೆನ್ನೆ ತಾನಾಗಿಯೇ ಕೆಂಪೇರುವುದು ಹೇಗೆಂದು ತಿಳಿಯಬೇಕು. ನಾಚಿಕೆಯಾದಾಗ ಮುಖದ ಚರ್ಮದ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ಹೆಚ್ಚು ರಕ್ತ ಹರಿಯುತ್ತದೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಕುರಿತು ಬರೆದ ಗ್ರಂಥದಲ್ಲಿ ಈ ಕೆಂಪಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟ. ಕಪ್ಪು ಮೈಬಣ್ಣದವರಿಗೂ ಕೆನ್ನೆ ರಂಗೇರುತ್ತದೆ ಎಂಬುದಕ್ಕೆ ಸಾಕ್ಷ್ಯಗಳನ್ನು ಕಲೆಹಾಕಿದ. ಮೇಲಿನ ಪದರದ ಮೆಲನಿನ್ ಎಂಬ ವರ್ಣದ್ರವ್ಯದಿಂದಾಗಿ ಅದು ಎದ್ದು ಕಾಣುವುದಿಲ್ಲ, ಅಷ್ಟೆ. ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಯಲ್ಲಿ.

ಇನ್ನು ಡಬ್ಬಿಯ ಪುಡಿ. ಎಂಟು ಬಣ್ಣಗಳಿದ್ದರೂ ಮೂಲವಸ್ತುಗಳು ಕೆಲವೇ. ಹಾಸಿಗೆ ಸಾಮಾನ್ಯವಾಗಿ ಟಾಲ್ಕ್ ಮತ್ತು ಅಭ್ರಕ, ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಕೆಂಪು-ಹಳದಿ-ಕಪ್ಪಿಗೆ ಕಬ್ಬಿಣದ ಆಕ್ಸೈಡುಗಳು. ಹೊಳೆಯುವ ಗುಲಾಬಿ ಬೇಕಾದರೆ ಕೃತಕ ಬಣ್ಣ, ಇಲ್ಲವೇ ಪಾಪಸುಕಳ್ಳಿಯ ಮೇಲೆ ಬದುಕುವ ಒಂದು ಕೀಟದಿಂದ ತೆಗೆದ ಕಾರ್ಮೈನ್. ಇವುಗಳ ಪ್ರಮಾಣ ಹೆಚ್ಚುಕಡಿಮೆ ಮಾಡಿದರೆ ಬಿಲ್ಲೆಯ ಬಣ್ಣ ಬದಲಾಗುತ್ತದೆ.

ಕಬ್ಬಿಣದ ಕೆಂಪು ಆಕ್ಸೈಡನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಕ್ಕದ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದೇ ಅದರಿಂದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಆ ಬೆಟ್ಟದಿಂದಲೇ. ಹೆಂಚಿನ ಕೆಂಪೂ ಇದೇ, ಕೆನ್ನೆಗೆ ಹಚ್ಚುವ ಕೆಂಪೂ ಇದೇ. ಹಾಗೆಂದು ಗುಡ್ಡದ ಮಣ್ಣನ್ನು ಮುಖಕ್ಕೆ ಬಳಿಯಬಾರದು. ಅದರಲ್ಲಿ ಬೇರೆ ಲೋಹಗಳೂ ಬೆರೆತಿರಬಹುದು. ಪ್ರಸಾಧನಕ್ಕೆ ಬಳಸುವುದು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ್ದನ್ನು.

ಈಗ ಬೂದಿಯ ಪ್ರಶ್ನೆಗೆ ಉತ್ತರ ಸುಲಭ. ತಿಳಿಗುಲಾಬಿಯಲ್ಲಿ ಬಿಳಿಯ ಪಾಲು ಹೆಚ್ಚು. ಬಿಳಿ ಪುಡಿ ಬೆಳಕಿನ ಎಲ್ಲ ಬಣ್ಣಗಳನ್ನೂ ಚದುರಿಸುತ್ತದೆ. ಕಪ್ಪು ಚರ್ಮದ ಮೇಲೆ ಅದು ಬೂದಿಯಾಗಿ ಕಾಣುತ್ತದೆ. ಅದೇ ಹುಡುಗಿಗೆ ಇಟ್ಟಿಗೆಗೆಂಪನ್ನೋ ಗಾಢ ಹವಳವನ್ನೋ ಹಚ್ಚಿ ನೋಡಿ, ಕೆನ್ನೆ ಕಳೆಗಟ್ಟುತ್ತದೆ. ಮುಖದಲ್ಲಿ ಕೊರತೆಯಿಲ್ಲ, ಆರಿಸಿದ ಬಿಲ್ಲೆ ತಪ್ಪು. ಆರಿಸುವಾಗ ಬಾಗಿಲ ಬಳಿ ಹಗಲಿನ ಬೆಳಕಲ್ಲಿ ಒಮ್ಮೆ ನೋಡಬೇಕು. ಹಳೆಯ ತಂತಿ ಬಲ್ಬಿನ ಹಳದಿ ಬೆಳಕಲ್ಲಿ ಚೆಂದ ಕಂಡ ಬಣ್ಣ ಬಿಸಿಲಿನಲ್ಲಿ ಬೇರೆಯೇ ಆಗಿ ಕಾಣಬಹುದು.

‘ಪೇಟೆಯದು ಬೇಡ, ಮನೆಯದೇ ಸಾಕು’ ಎನ್ನುವ ತಾಯಂದಿರೂ ಇದ್ದಾರೆ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ, ಆ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದಾದ ಒಳ್ಳೆಯ ಪ್ರಯೋಗವಿದು. ಆದರೆ ಸುಣ್ಣ ಪ್ರತ್ಯಾಮ್ಲ, ಎಳೆಯ ಚರ್ಮವನ್ನು ಸುಡುತ್ತದೆ. ಮನೆಯದೆಂಬ ಮಾತ್ರಕ್ಕೆ ನಿರಪಾಯವಲ್ಲ, ಪೇಟೆಯದೆಂಬ ಮಾತ್ರಕ್ಕೆ ವಿಷವೂ ಅಲ್ಲ.

ಡಬ್ಬಿ ಕೊಳ್ಳುವ ಮುನ್ನ ಪೋಷಕರು ಅದರ ಹಿಂಬದಿಯನ್ನು ಓದಬೇಕು. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇರಬೇಕು. ಘಟಕಗಳ ಪಟ್ಟಿಯಲ್ಲಿ ‘ಸಿ.ಐ. 77491’ ಎಂದಿದ್ದರೆ ಅದು ಕಬ್ಬಿಣದ ಕೆಂಪು ಆಕ್ಸೈಡ್, 77891 ಟೈಟಾನಿಯಂ ಡೈಆಕ್ಸೈಡ್, 75470 ಕಾರ್ಮೈನ್. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಬಳಸುವುದು ನಮ್ಮ ದೇಶದಲ್ಲಿ ಕಾನೂನಿನ ಪ್ರಕಾರ ನಿಷಿದ್ಧ. ಹೆಸರು-ವಿಳಾಸವಿಲ್ಲದ ಡಬ್ಬಿಯ ಬಗ್ಗೆ ಆ ಭರವಸೆ ಯಾರು ಕೊಡಬೇಕು?

ಹೊಸ ಪುಡಿಯನ್ನು ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕನಿಷ್ಠ 24 ಗಂಟೆ ಕಾದು ನೋಡುವುದು ಕ್ಷೇಮ. ತುರಿಕೆ, ಗಂಧೆ ಕಂಡರೆ ಅದನ್ನು ಬಿಟ್ಟುಬಿಡಬೇಕು. ಹತ್ತು ಮಕ್ಕಳ ಕೆನ್ನೆಗೆ ಒಂದೇ ಕುಂಚ ಆಡಿಸಿದರೆ ಬಣ್ಣದ ಜೊತೆಗೆ ರೋಗಾಣುಗಳೂ ಹಂಚಿಕೆಯಾಗುತ್ತವೆ. ಒಬ್ಬೊಬ್ಬರಿಗೂ ಬೇರೆ ಹತ್ತಿ ಉಂಡೆ ಕೊಟ್ಟರೆ ಖರ್ಚೇನೂ ಹೆಚ್ಚಲ್ಲ. ರಾತ್ರಿ ಮಲಗುವ ಮುನ್ನ ಮುಖ ತೊಳೆಯಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೆ ದೊಡ್ಡವರು ಪಾಲಿಸಬೇಕಾದ ಇನ್ನೊಂದು ಎಚ್ಚರವಿದೆ. ಬಣ್ಣ ಹಚ್ಚುವಾಗ ಮಗುವಿನ ಮುಖಕ್ಕೆ ಒಪ್ಪುವ ಬಿಲ್ಲೆ ಯಾವುದೆಂದು ಹುಡುಕಬೇಕೇ ಹೊರತು, ಬಿಲ್ಲೆಗೆ ಒಪ್ಪದ ಮುಖ ಯಾವುದೆಂದು ತೋರಿಸಿ ಆಡಬಾರದು.