ಪಾಲಕ್‌ಗೆ ಎರಡು ಕೋಡ್ ಯಾಕೆ?

ಹೋದ ವರ್ಷ ಬೆಂಗಳೂರಿನ ಒಂದು ಸಾವಯವ ಅಂಗಡಿಗೆ ವಾರಕ್ಕೆ 80 ಕಟ್ಟು ಪಾಲಕ್ ಕಳಿಸ್ತಿದ್ದೆ. ಒಂದು ವಾರ ಆರ್ಡರೇ ಬರಲಿಲ್ಲ. ಕೇಳಿದ್ರೆ, ‘ಸ್ಟಾಕ್ ಇದೆಯಲ್ಲ ಸಾರ್, ಸಿಸ್ಟಮ್ ತೋರಿಸ್ತಿದೆ’ ಅಂದ್ರು. ರ‍್ಯಾಕ್‌ನಲ್ಲಿ ಒಂದೆಲೆಯೂ ಇರಲಿಲ್ಲ! ಆಗಿದ್ದಿಷ್ಟೆ: ಸಾಫ್ಟ್‌ವೇರ್‌ನಲ್ಲಿ ‘ಪಾಲಕ್’ ಒಂದು ಕೋಡ್, ‘ಪಾಲಕ್ ಸೊಪ್ಪು’ ಇನ್ನೊಂದು. ಮಾಲು ಒಳಗೆ ಬಂದಿದ್ದು ಒಂದರಲ್ಲಿ, ಬಿಲ್ ಆಗಿದ್ದು ಇನ್ನೊಂದರಲ್ಲಿ. ಮೊದಲನೆಯದು ಖಾಲಿಯಾಗಲೇ ಇಲ್ಲ, ಎರಡನೆಯದು ಮೈನಸ್‌ಗೆ ಹೋಯ್ತು. ನನ್ನ ಸೊಪ್ಪು ಮಡಿಯಲ್ಲೇ ಬಲಿತು ಹಸುಗಳ ಪಾಲಾಯ್ತು.

ನಮ್ಮ ಎಫ್‌ಪಿಒಗಳೂ ಈಗ ಇಆರ್‌ಪಿ ಹಾಕಿಸಿಕೊಳ್ತಿವೆ. ಒಳ್ಳೆಯದೇ. ಆದರೆ ಎಲ್ಲರ ಗಮನ ಬಿಲ್ಲಿಂಗ್, ಆಪ್ ಮೇಲೆ. ನನ್ನ ಪ್ರಕಾರ ಮೊದಲ ಕೆಲಸ ಮಾಸ್ಟರ್ ಡೇಟಾ, ಅಂದ್ರೆ ಪದಾರ್ಥ, ಅಳತೆ, ಬೆಲೆ, ರೈತರ ವಿವರಗಳ ಮೂಲ ಪಟ್ಟಿ. ಹೊಸ ಕೋಡ್ ತೆರೆಯೋ ಅಧಿಕಾರ ಒಬ್ಬರ ಕೈಯಲ್ಲೇ ಇರಲಿ. ಕೌಂಟರ್‌ನಲ್ಲಿ ಕೂತ ಎಲ್ಲರಿಗೂ ಬೇಡ. ಕಟ್ಟು, ಕೆಜಿ ಎರಡರಲ್ಲೂ ಮಾರೋದಾದ್ರೆ ಕಟ್ಟಿಗೆ ಎಷ್ಟು ಗ್ರಾಂ ಅಂತ ಮೊದಲೇ ತೂಗಿ ನಮೂದಿಸಿ. ಸಾವಯವ ಟೊಮೆಟೊಗೂ ಮಾಮೂಲಿ ಟೊಮೆಟೊಗೂ ಮಾತ್ರ ಬೇರೆ ಕೋಡ್ ಇರಲೇಬೇಕು. ಜೋಡಿ ಕೋಡ್ ಸಿಕ್ಕರೆ ಅಳಿಸಬೇಡಿ, ಹಳೇ ಬಿಲ್‌ಗಳು ಅದರ ಮೇಲೇ ನಿಂತಿರ್ತವೆ. ಸ್ಟಾಕನ್ನು ಸರಿಯಾದ ಕೋಡ್‌ಗೆ ವರ್ಗಾಯಿಸಿ, ಇನ್ನೊಂದನ್ನ ಬ್ಲಾಕ್ ಮಾಡಿ.

ಮುಂದಿನ ಸಭೆಗೆ ಹೋದಾಗ ನಿಮ್ಮ ಬೆಳೆ ಆ ಪಟ್ಟಿಯಲ್ಲಿ ಎಷ್ಟು ಹೆಸರಲ್ಲಿದೆ ಅಂತ ಒಮ್ಮೆ ಹುಡುಕಿಸಿ ನೋಡಿ.